ಬೆಲ್ಲ ಉಂಟಾ?

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ನನ್ನ ಸೋದರಮಾವ ಮಕ್ಕಂದೂರು ಕಡೆಯಿಂದ ವಾರಕ್ಕೊಮ್ಮೆ ಪೇಟೆಗೆ ಬರುವುದು ಅವತ್ತೇ. ಫೆಬ್ರವರಿಯ ಆ ಶುಕ್ರವಾರ ಅವರ ಅಂಗಿ ಜೇಬು ಉಬ್ಬಿಕೊಂಡಿತ್ತು. ಏನು ಮಾವ ಅದು ಅಂದೆ. "ಸ್ಯಾಂಪಲ್" ಅಂದರು. ಅರೇಬಿಕಾ ಕಾಫಿಯ ಕೊಯ್ಲು ಮುಗಿದು ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಬಿಡಿಸದ ಒಣ ಬೀಜದ, ಮೂಟೆಗಳು ಮನೆಯಲ್ಲಿ ಕೂತಿದ್ದವು. ಅದರಲ್ಲಿ ಕಾಲು ಕೆಜಿಯಷ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ವ್ಯಾಪಾರಿಗೆ ತೋರಿಸಲು ತಂದಿದ್ದರು.

ನಾನು ಮೈಸೂರಿನಿಂದ ಮೂರು ದಿನದ ರಜೆಗೆ ಬಂದಿದ್ದೆ. ಆಫೀಸಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ನಿಮ್ಮೂರಲ್ಲಿ ಒಳ್ಳೆ ಕೆಫೆ ಯಾವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟಿದ್ದು ಕಾಫಿ ತೋಟದ ನಡುವೆ, ಊರಿನ ಕೆಫೆಗೆ ಮಾತ್ರ ಕಾಲಿಟ್ಟವಳಲ್ಲ. ಆ ನಾಚಿಕೆ ಕಳೆದುಕೊಳ್ಳೋಣ ಅಂತ ಮಾವನನ್ನೂ ಎಳೆದುಕೊಂಡು ಹೊರಟೆ.

"ಕಾಫಿ ಕುಡಿಯಲಿಕ್ಕೆ ಮಡಿಕೇರಿಗೆ ಬರಬೇಕಾ ಕೂಸೇ? ಮನೆಯಲ್ಲಿ ಎಂತ ಕಮ್ಮಿ?"

ಮನೆಯ ಕಾಫಿಯ ವಿಷಯ ಹೇಳಿಬಿಡುತ್ತೇನೆ. ಒಳ್ಳೆ ಬೀಜ ಮೂಟೆಗೆ ಹೋಗುತ್ತದೆ. ನೆಲಕ್ಕೆ ಉದುರಿದ್ದು, ತೊಳೆಯುವಾಗ ನೀರಲ್ಲಿ ತೇಲಿದ್ದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಸಿಕ್ಕಿ ಒಡೆದದ್ದು, ಇವು ಮನೆಗೆ. ಅತ್ತೆ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಕಪ್ಪಗಾಗುವ ತನಕ ಹುರಿಯುತ್ತಾರೆ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ, ಸೋಸಿ, ಹಾಲಿಲ್ಲದೆ ದೊಡ್ಡ ಲೋಟದಲ್ಲಿ ಕೊಡುತ್ತಾರೆ. ಮಳೆಗಾಲದಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಅದರಲ್ಲಿ ಕಾಫಿಯ ರುಚಿ ಎಷ್ಟು, ಬೆಲ್ಲದ್ದೆಷ್ಟು, ಹೊಗೆಯದ್ದೆಷ್ಟು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಬೆಳೆದವರು ಕುಡಿದದ್ದು ಉದುರಿದ್ದನ್ನು.

ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಹೋಟೆಲಿಗೆ ಹೋದೆವು. ಅದು ಮಾವನ ಹಟ. ಸ್ಟೀಲ್ ಲೋಟ, ಬೈಟು, ಮೇಲೆ ಒಂದಿಂಚು ನೊರೆ. ಚಿಕೋರಿ ಧಾರಾಳ. ಸಂತೆಯ ದಿನವಾದ್ದರಿಂದ ಕಾಲಿಡಲು ಜಾಗ ಇರಲಿಲ್ಲ. ಎದುರಿಗೆ ಕೂತವರು ಕರಿಮೆಣಸಿನ ರೇಟು ಕೇಳಿದರು, ಮಾವ ಹೇಳಿದರು, ಅವರು ಎದ್ದು ಹೋದರು. ಐದು ನಿಮಿಷದಲ್ಲಿ ನಾವೂ ಹೊರಗೆ. ಇದೂ ಕೆಫೆಯೇ ಅಲ್ವಾ? ಮೆನು ಇಲ್ಲ, ಹೆಸರು ಬರೆದ ಕಪ್ ಇಲ್ಲ, ಅಷ್ಟೆ. ಊರಿನ ಸುದ್ದಿಯೆಲ್ಲ ಮೊದಲು ಇಳಿಯುವುದು ಇಲ್ಲಿಗೇ.

ಅಲ್ಲಿಂದ ಸುಮ್ನೆ ಕೋಟೆ ಕಡೆ ನಡೆದೆವು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಮಾಡಿದನಂತೆ. ಮುದ್ದುರಾಜನ ಕೇರಿ ಮಡಿಕೇರಿಯಾಯಿತು. ಒಳಗಿರುವ ಅರಮನೆ ಲಿಂಗರಾಜನದು, 1812ರಿಂದ 1814ರ ನಡುವೆ ಕಟ್ಟಿಸಿದ್ದು. ಆವರಣದಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಚಿಕ್ಕವಳಿದ್ದಾಗ ಅವುಗಳ ಸೊಂಡಿಲು ಮುಟ್ಟಲು ಮಾವನೇ ಎತ್ತಿ ಹಿಡಿದಿದ್ದರು. ಈಗ ಅವರು ಆನೆಯ ನೆರಳಿನಲ್ಲಿ ಕೂತು ಚಪ್ಪಲಿಯೊಳಗಿನ ಕಲ್ಲು ತೆಗೆಯುತ್ತಿದ್ದರು.

ರಾಜರ ಕಾಲದಲ್ಲೇ ನಾಲ್ಕುನಾಡು ಅರಮನೆ ಕಡೆ ಕಾಫಿ ಗಿಡ ಇತ್ತು ಅನ್ನುವ ಮಾತಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಇಪ್ಪತ್ತು ವರ್ಷ ಕಳೆದು, 1854ರಲ್ಲಿ, ಫೌಲರ್ ಅನ್ನುವ ಬಿಳಿಯ ಮಡಿಕೇರಿಯಲ್ಲಿ ತೋಟ ಮಾಡಿದ. ಕೊಡಗಿನಲ್ಲಿ ಬಿಳಿಯರು ಮಾಡಿದ ತೋಟಗಳಲ್ಲಿ ಅದೇ ಮೊದಲನೆಯದು. ಅಂದರೆ ಈ ಊರಿಗೂ ಕಾಫಿಗೂ ನೂರೆಪ್ಪತ್ತು ವರ್ಷದ ನಂಟು. ಹಾಗಿದ್ದರೂ ಕೂತು ಕಾಫಿ ಕುಡಿಯುವ ಜಾಗಗಳು ಬಂದದ್ದು ನಿನ್ನೆ ಮೊನ್ನೆ. ಯಾಕೆ ಮಾವ ಅಂತ ಕೇಳಿದೆ.

"ಕಾಫಿ ನಮ್ಮದೆಲ್ಲಿತ್ತು?" ಅಂದರು.

ಅವರು ಹೇಳಿದ್ದು ಪೂಲ್ ಕಾಲದ ಕಥೆ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಬೋರ್ಡು ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುವ ರಾಶಿಗೇ, ಕೊಡಬೇಕಿತ್ತು. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಅಜ್ಜ ಒಂದು ವರ್ಷದ ಬೆಳೆಯ ಕೊನೇ ಕಂತು ಬರುವಷ್ಟರಲ್ಲಿ ಇನ್ನೊಂದು ಬೆಳೆ ಕೊಯ್ದಿರುತ್ತಿದ್ದರಂತೆ. "ನಮ್ಮ ಕಾಫಿ ನಾವೇ ಜೀಪಿಗೆ ಹಾಕಿಕೊಂಡು ಹೋದರೆ ಕಳ್ಳಸಾಗಣೆ" ಅಂತ ಮಾವ ನಕ್ಕರು. ಹೀಗಿರುವಾಗ ಮಡಿಕೇರಿಯಲ್ಲಿ ಯಾರು ತನ್ನ ತೋಟದ ಕಾಫಿ ಹುರಿದು ಅಂಗಡಿ ಇಡುತ್ತಿದ್ದರು? ತೊಂಬತ್ತರ ದಶಕದಲ್ಲಿ ಹಿಡಿತ ಸಡಿಲವಾಗುತ್ತಾ ಬಂದು 1996ರಲ್ಲಿ ಎಲ್ಲರಿಗೂ ಪೂರ್ತಿ ಬಿಡುಗಡೆಯಾಯಿತು. ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆಗೆದದ್ದೂ ಅದೇ 1996ರಲ್ಲಿ. ಇದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಎರಡನೇ ಕೆಫೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣಿವೆ ಕಾಣುವ ಜಾಗ, ಉಯ್ಯಾಲೆ ಕುರ್ಚಿ, ಫೋಟೋ ತೆಗೆಯಲು ಒಂದು ರೆಕ್ಕೆಯ ಚಿತ್ರ. ಕಾಫಿ ಇನ್‌ಸ್ಟಂಟ್. ಸುತ್ತ ಕಣ್ಣು ಹಾಯಿಸಿದಷ್ಟೂ ಕಾಫಿ ತೋಟ, ಕಪ್ಪಿನಲ್ಲಿ ಡಬ್ಬದ ಪುಡಿ. ಮಾವ ಅರ್ಧ ಕುಡಿದು, "ವ್ಯೂ ಚೆನ್ನಾಗಿ ಉಂಟು" ಅಂದರು. ಎದ್ದೆವು.

ಮೂರನೆಯದು ಪೇಟೆಯ ಗದ್ದಲದಿಂದ ಸ್ವಲ್ಪ ಮೇಲೆ, ಹಳೇ ಮನೆಯೊಂದರಲ್ಲಿ. ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಕಿಟಕಿಗೆ ಮರದ ಸರಳು. ವಾರಾಂತ್ಯಕ್ಕೆ ಬೆಂಗಳೂರಿನವರು ತುಂಬಿಕೊಳ್ಳುತ್ತಾರಂತೆ. ಶುಕ್ರವಾರ ಮಧ್ಯಾಹ್ನ ನಾವಿಬ್ಬರೇ. ಒಳಗೆ ಹುರಿಯುವ ಯಂತ್ರ, ಪಕ್ಕದಲ್ಲಿ ಸೋಮವಾರಪೇಟೆ ಕಡೆಯ ಒಬ್ಬಳು ಹುಡುಗಿ. ಬೆಂಗಳೂರಿನಲ್ಲಿ ಈ ಕೆಲಸ ಕಲಿತು ಊರಿಗೆ ಬಂದವಳು.

ಗೋಡೆಯ ಮೇಲೆ ಕಪ್ಪು ಬೋರ್ಡು. ಅವತ್ತಿನ ಕಾಫಿಯ ಕೆಳಗೆ ಸೀಮೆಸುಣ್ಣದಲ್ಲಿ ಹೀಗೆ ಬರೆದಿತ್ತು: ಕಿತ್ತಳೆ, ಬೆಲ್ಲ, ಏಲಕ್ಕಿ. ಪೋರ್ ಓವರ್, 180 ರೂಪಾಯಿ.

ಮಾವ ಕನ್ನಡಕ ಏರಿಸಿಕೊಂಡು ಓದಿದರು. ಮುಖ ಅರಳಿತು.

"ಬೆಲ್ಲ ಉಂಟಾ?"

"ಬೆಲ್ಲ ಹಾಕಲ್ಲ ಅಂಕಲ್. ಬೆಲ್ಲದ ರುಚಿ ಬರುತ್ತೆ."

"ಹಾಕದೆ ಹೇಗೆ ಬರ್ತದೆ?"

"ಬೀಜದಲ್ಲೇ ಇರುತ್ತೆ."

"ಕಿತ್ತಳೆಯೂ?"

"ಹೂಂ, ಕಿತ್ತಳೆಯೂ."

ಮಾವ ನನ್ನ ಕಡೆ ತಿರುಗಿ ಮೆಲ್ಲಗೆ, "ಕಿತ್ತಳೆ ಗಿಡವೆಲ್ಲ ರೋಗ ಬಂದು ಹೋಯ್ತಲ್ಲ, ಅದು ಇಲ್ಲಿಗೆ ಬಂದು ಸೇರಿದೆ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಕೊಡಗಿನ ಕಿತ್ತಳೆ ಒಂದು ಕಾಲದಲ್ಲಿ ಪ್ರತಿ ತೋಟದಲ್ಲೂ ಇತ್ತು. ಈಗ ನಮ್ಮಲ್ಲಿ ಎರಡೇ ಗಿಡ ಉಳಿದಿವೆ.

ಹುಡುಗಿ ತಕ್ಕಡಿಯ ಮೇಲೆ ಬೀಜ ತೂಗಿದಳು. 16 ಗ್ರಾಂ. ಪುಡಿ ಮಾಡಿ, ಕಾಗದದ ಫಿಲ್ಟರಿಗೆ ಹಾಕಿ, ಕೊಕ್ಕಿನಂಥ ಮೂತಿಯ ಕೆಟಲಿನಿಂದ ಸುತ್ತು ಸುತ್ತಾಗಿ ನೀರು ಬಿಟ್ಟಳು. ಮೊದಲು ಸ್ವಲ್ಪ, ಆಮೇಲೆ ಕಾಯುವುದು, ಮತ್ತೆ ಸ್ವಲ್ಪ. ಮೂರು ನಾಲ್ಕು ನಿಮಿಷ ಅಲುಗದೆ ನಿಂತಿದ್ದಳು. ಮಾವ ಕೈಕಟ್ಟಿ ನೋಡುತ್ತಿದ್ದರು. ಪಲ್ಪರ್ ರಿಪೇರಿ ಮಾಡುವವನನ್ನು ಅವರು ನೋಡುವುದು ಹೀಗೆಯೇ.

ಬಂದ ಕಾಫಿ ಕೆಂಪಗೆ, ತೆಳ್ಳಗೆ ಇತ್ತು. ನನಗೆ ಇಷ್ಟವಾಯಿತು. ಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಚಾ ಇದ್ದ ಹಾಗೆ ಉಂಟು."

ಹುಡುಗಿಗೆ ಬೇಜಾರಾದಂತೆ ಕಾಣಲಿಲ್ಲ. ಇಲ್ಲಿನ ಬೆಳೆಗಾರರೆಲ್ಲ ಹಾಗೇ ಹೇಳುತ್ತಾರೆ ಅಂದಳು.

ಆಮೇಲೆ ಲೆಕ್ಕ ಶುರುವಾಯಿತು. ಅದು ಆಗಲೇಬೇಕಿತ್ತು. ಟಿಶ್ಯೂ ಕಾಗದದ ಮೇಲೆ ನನ್ನ ಪೆನ್ನು ಕಸಿದುಕೊಂಡು ಬರೆದರು. 50 ಕೆಜಿ ಪಾರ್ಚ್‌ಮೆಂಟ್ ಮೂಟೆ. ಸಿಪ್ಪೆ ಹೋಗಿ 40 ಕೆಜಿ. ಹುರಿದರೆ ಎಷ್ಟು ಇಳಿಯುತ್ತೆ ಅಂತ ಹುಡುಗಿಯನ್ನು ಕೇಳಿದರು. "ಹತ್ತಿರ ಹತ್ತಿರ 33 ಅಂತ ಇಟ್ಕೊಳ್ಳಿ." ಲೋಟಕ್ಕೆ 16 ಗ್ರಾಂ ಅಂದರೆ ಎರಡು ಸಾವಿರ ಲೋಟ. 180ರಂತೆ ಮೂರು ಲಕ್ಷದ ಅರವತ್ತು ಸಾವಿರ. ಒಂದು ಮೂಟೆಗೆ.

ಈಗ ಸಿಟ್ಟು ಬರುತ್ತದೆ ಅಂದುಕೊಂಡೆ. ಎರಡು ವರ್ಷದಿಂದ ರೇಟು ಚೆನ್ನಾಗಿದೆ, ಹಾಗಿದ್ದರೂ ಮಾವನ ಕೈಗೆ ಬರುವುದು ಇದರ ಹತ್ತನೇ ಒಂದು ಪಾಲೂ ಅಲ್ಲ. ಮಾವ ಟಿಶ್ಯೂವನ್ನು ತಿರುಗಿಸಿ ಹಿಂದೆ ಇನ್ನೊಂದು ಲೆಕ್ಕ ಬರೆಯತೊಡಗಿದರು. ಮನೆ ಬಾಡಿಗೆ, ಕರೆಂಟು, ಯಂತ್ರ, ಹುಡುಗಿಯ ಸಂಬಳ, ಜೂನ್‌ನಿಂದ ಸೆಪ್ಟೆಂಬರ್ ತನಕ ಜನ ಬಾರದ ತಿಂಗಳು. "ದಿನಕ್ಕೆ ಎಷ್ಟು ಲೋಟ ಹೋಗ್ತದೆ?" ಅಂತ ಕೇಳಿದರು. ಅವಳು ಹೇಳಿದ ಸಂಖ್ಯೆ ಕೇಳಿ ಅವರ ಮುಖದಲ್ಲಿ ಮೂಡಿದ್ದು ಮರುಕ. ಬೆಳೆಗಾರನಿಗೆ ಬೆಳೆಗಾರನ ಮೇಲೆ ಬರುತ್ತದಲ್ಲ, ಅಂಥದ್ದು.

"ಜೇಬಲ್ಲಿ ಏನು ಅಂಕಲ್?"

ಸ್ಯಾಂಪಲ್ ಅಂದರು. ತೋರಿಸಿ ಅಂದಳು. ಒಂದಿಷ್ಟು ಟೇಬಲ್ ಮೇಲೆ ಸುರಿದು, ಉಗುರಿನಿಂದ ಸಿಪ್ಪೆ ಎಬ್ಬಿಸಿ, ಬೆಳಕಿಗೆ ಹಿಡಿದಳು. ಒಳಗೆ ನೀಲಿ ಬೆರೆತ ಹಸಿರು ಬೀಜ. ಮೂಗಿಗೆ ಹಿಡಿದಳು. ಹಲ್ಲಲ್ಲಿ ಕಚ್ಚಿ ನೋಡಿದಳು.

"ಯಾವ ಗಿಡ?"

"ಸೆವೆನ್ ನೈಂಟಿ ಫೈವ್. ಅಪ್ಪ ನೆಟ್ಟದ್ದು. ಬೋರರ್ ತಿಂದು ಬಿಟ್ಟದ್ದು ಇಷ್ಟು."

ಸೆವೆನ್ ನೈಂಟಿ ಫೈವ್ ಅಂದರೆ ಅರೇಬಿಕಾದ ಒಂದು ಹಳೇ ತಳಿ, ಬೋರರ್ ಅಂದರೆ ಕಾಂಡಕೊರಕ ಹುಳು. ಅದರ ಕಾಟಕ್ಕೆ ಅಕ್ಕಪಕ್ಕದವರು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿ ಎಷ್ಟೋ ವರ್ಷವಾಯಿತು. ಮಾವ ಹಾಕಿಲ್ಲ. ಕಾರಣ ಕೇಳಿದರೆ ಸರಿಯಾಗಿ ಹೇಳುವುದಿಲ್ಲ.

"ಪಲ್ಪ್ ಮಾಡಿ ಎಷ್ಟು ಗಂಟೆ ಇಡ್ತೀರಿ?"

ಅಷ್ಟೇ. ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ವ್ಯಾಪಾರಿಗಳು ಕೇಳುವುದು ತೇವ ಎಷ್ಟು, ಮೂಟೆ ಎಷ್ಟು ಅಂತ. ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಡಿಸೆಂಬರ್ ಚಳಿಯಲ್ಲಿ ಹುದುಗಲು ಎಷ್ಟು ಹೊತ್ತು ಬೇಕು, ಕೈಯಲ್ಲಿ ಹಿಡಿದು ಉಜ್ಜಿದರೆ ಮರಳಿನಂತೆ ಕರಕರ ಅಂದಾಗಲೇ ತೊಳೆಯಬೇಕು ಅನ್ನುವುದು ಹೇಗೆ ಗೊತ್ತಾಗುತ್ತದೆ, ಕಣದಲ್ಲಿ ಗಂಟೆಗೊಮ್ಮೆ ಕೆದಕದಿದ್ದರೆ ಏನಾಗುತ್ತದೆ, ಮೋಡ ಕಂಡರೆ ಟಾರ್ಪಾಲು ಎಳೆಯಲು ಅತ್ತೆಯೂ ಅವರೂ ಹೇಗೆ ಓಡುತ್ತಾರೆ, ಎಲ್ಲ ಹೇಳಿದರು. ಅರ್ಧ ಗಂಟೆ. ಮನೆಯಲ್ಲಿ ಮಾವ ಒಂದೇ ಸಮ ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಹುಡುಗಿ ಒಂದು ಪುಸ್ತಕದಲ್ಲಿ ಬರೆದುಕೊಂಡಳು.

ಕೊನೆಗೆ ಸ್ಯಾಂಪಲ್ ಅಲ್ಲೇ ಉಳಿಯಿತು. ಅವಳು ಹುರಿದು ಇಡುತ್ತಾಳೆ, ಮುಂದಿನ ಶುಕ್ರವಾರ ಬಂದು ಕುಡಿಯಬೇಕು ಅಂತ ಮಾತಾಯಿತು. "ವ್ಯಾಪಾರಿಗೆ?" ಅಂದೆ. "ಅವನು ಎಲ್ಲಿಗೆ ಓಡಿಹೋಗ್ತಾನೆ" ಅಂದರು ಮಾವ.

ನಾನು ಮತ್ತೆ ರಜೆ ಹಾಕಿದೆ. ಆಫೀಸಿನಲ್ಲಿ ಕಾರಣ ಏನು ಹೇಳಿದೆ ಅನ್ನುವುದು ಇಲ್ಲಿ ಬೇಡ.

ಮುಂದಿನ ಶುಕ್ರವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್ ಸ್ಟ್ಯಾಂಡ್ ಹೋಟೆಲಿಗೆ ಹೋಗೋಣವಾ ಅಂದರೆ, ಇವತ್ತು ಬೇಡ, ನಾಲಿಗೆ ಕೆಡ್ತದೆ ಅಂದರು. ಹುಡುಗಿ ಕಾಗದದ ಚೀಲ ಬಿಚ್ಚಿ ಮೂಸಲು ಕೊಟ್ಟಳು. ಮನೆಯ ಪುಡಿಯಷ್ಟು ಕಪ್ಪಿಲ್ಲ, ಗೇರುಬೀಜದ ಸಿಪ್ಪೆಯ ಬಣ್ಣ. ಅದೇ ತಕ್ಕಡಿ, ಅದೇ 16 ಗ್ರಾಂ, ಅದೇ ನಿಧಾನ. ರುಚಿ ಏನು ಅಂತ ಅವಳು ಮೊದಲೇ ಹೇಳಲಿಲ್ಲ. ನೀವೇ ಹೇಳಿ ಅಂದಳು.

ಮಾವ ಕುಡಿದರು.

"ಹುಳಿ ಉಂಟು."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗುಟುಕು. "ಈಗ ಹುಳಿ ಕಮ್ಮಿ." ಕಿಟಕಿಯ ಆಚೆ ನೋಡುತ್ತಾ ಕೂತರು. ಅರುವತ್ತೆಂಟು ವರ್ಷದ ಮನುಷ್ಯ. ಹುಟ್ಟಿದಾಗಿನಿಂದ ಆ ಗಿಡಗಳ ಜೊತೆಗಿದ್ದವರು. ಅದರ ಒಳ್ಳೆ ಬೀಜದ ಕಾಫಿ ಕುಡಿಯುತ್ತಿರುವುದು ಇದೇ ಮೊದಲು. ನಾನು ಏನಾದರೂ ಕೇಳೋಣ ಅಂದುಕೊಂಡು ಸುಮ್ಮನಾದೆ.

ಆಮೇಲೆ ಅವರ ಕೈ ಜೇಬಿಗೆ ಹೋಯಿತು. ಪತ್ರಿಕೆಯ ತುಂಡಿನಲ್ಲಿ ಸುತ್ತಿದ ಪೊಟ್ಟಣ. ಒಳಗೆ ಅಚ್ಚು ಬೆಲ್ಲದ ಒಂದು ಚೂರು. ಮನೆಯಿಂದಲೇ ತಂದಿದ್ದರು. ಹುಡುಗಿ ನನ್ನ ಮುಖ ನೋಡಿದಳು. ಮಾವ ಅದನ್ನು ಕಾಫಿಗೆ ಹಾಕಲಿಲ್ಲ. ತುದಿಯನ್ನು ಒಂಚೂರು ಕಚ್ಚಿ, ಬಾಯಲ್ಲಿಟ್ಟುಕೊಂಡು, ಅದರ ಮೇಲೆ ಒಂದು ಗುಟುಕು ಕುಡಿದರು. ತಲೆಯಾಡಿಸಿದರು. ಉಳಿದದ್ದನ್ನು ಎರಡು ತುಂಡು ಮಾಡಿ ಒಂದನ್ನು ಅವಳ ಕಡೆ ಚಾಚಿದರು.

"ಹೀಗೆ ಕುಡಿದು ನೋಡು ಮಗಳೇ."

ಅವಳು ಬೆಲ್ಲ ಕಚ್ಚಿ, ತನಗಾಗಿ ಸ್ವಲ್ಪ ಸುರಿದುಕೊಂಡು, ಕಣ್ಣು ಮುಚ್ಚಿ ಕುಡಿದಳು. ಆಮೇಲೆ ತಿರುಗಿ ಒಮ್ಮೆ ಗೋಡೆಯ ಬೋರ್ಡಿನ ಕಡೆ ನೋಡಿದಳು.