ಎಸ್ಸೌಯಿರಾಕ್ಕೆ ಒಂದು ದಿನ ಸಾಕೇ?

ಸಾಕು. ಮರಕೇಶ್‌ನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮೂರು ಗಂಟೆಯ ದಾರಿ. ಕೋಟೆಗೋಡೆ, ಫಿರಂಗಿಗಳ ಸಾಲು, ನೀಲಿ ದೋಣಿಗಳು, ಬಂದರಿನ ಬಳಿ ಕೆಂಡದ ಮೇಲೆ ಸುಟ್ಟ ಬೂತಾಯಿ, ಸಂಜೆಯ ಬಸ್ಸಿಗೆ ವಾಪಸ್. ಅವಸರದವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಮೊರಾಕೊದ ಅಟ್ಲಾಂಟಿಕ್ ದಂಡೆಯ ಈ ಊರಿನಲ್ಲಿ ನಾನು ಕೆಲಸದ ಮೇಲೆ ಇದ್ದೆನೆಂದು ತಿಳಿದವರೆಲ್ಲ ಇದನ್ನೇ ಕೇಳುತ್ತಾರೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಭಾವನೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಒಂದೇ ದಿನದಲ್ಲಿ ಮುಗಿಸಬಹುದಲ್ಲವೇನಮ್ಮಾ?" ಎಂದರು. ಊರನ್ನು ಮುಗಿಸುವುದಂತೆ! ಎಡಗೈಯಲ್ಲಿ ಮೊಬೈಲ್ ಹಿಡಿದು, ಮರದ ತುಂಬ ಆಡುಗಳು ನಿಂತ ಚಿತ್ರ ತೋರಿಸಿ, "ಇದಂತೂ ಸಿಗುತ್ತದಲ್ಲ?" ಎಂದರು. ಸಿಗುತ್ತದೆ ಭಾವ. ಕಾಯಿಯ ಆಸೆಗೆ ಆಡುಗಳು ಅರ್ಗಾನ್ ಮರ ಹತ್ತುವುದು ನಿಜ. ಆದರೆ ಹೆದ್ದಾರಿಯ ಪಕ್ಕದಲ್ಲಿ, ನಿಮ್ಮ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಕೊಂಬೆಗೊಂದರಂತೆ ನಿಂತಿರುವ ಆಡುಗಳನ್ನು ಎಷ್ಟೋ ಸಲ ಯಜಮಾನನೇ ಹತ್ತಿಸಿರುತ್ತಾನೆ. ಫೋಟೊಕ್ಕೆ ದುಡ್ಡು ಬೇರೆ.

ಸಂಗೀತ ಬಲ್ಲವರ ಪ್ರಶ್ನೆ ಇನ್ನೊಂದು ಬಗೆಯದು: ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮರಳಿನ ಕೋಟೆಗಳ ಹಾಡು ಬರೆದದ್ದು ಅಲ್ಲೇ ತಾನೇ? ಹಾಡು ಹೊರಬಂದದ್ದು 1967ರಲ್ಲಿ, ಆತ ಊರಿಗೆ ಬಂದದ್ದು 1969ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಈ ಊರನ್ನು ಯಾಕೆ ಕಟ್ಟಿದರು, ಅದರ ಜನರೆಲ್ಲ ಎಲ್ಲಿ ಹೋದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಾನೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಕೂರುತ್ತಿದ್ದೆ.

ಅದು ತಾನಾಗಿ ಬೆಳೆದ ಊರಲ್ಲ. 1760ರ ದಶಕದಲ್ಲಿ ಸುಲ್ತಾನ ಮೂರನೆಯ ಮೊಹಮ್ಮದ್ ಅಪ್ಪಣೆ ಕೊಟ್ಟು ಕಟ್ಟಿಸಿದ್ದು. ದಕ್ಷಿಣದ ಅಗಾದೀರ್ ಬಂದರಿನ ವ್ಯಾಪಾರ ಅಲ್ಲಿ ನಿಂತುಹೋಗಿ ಇಲ್ಲಿಗೆ ಬರಬೇಕು, ಸುಂಕ ನೇರವಾಗಿ ತನ್ನ ಬೊಕ್ಕಸಕ್ಕೆ ಬೀಳಬೇಕು ಎಂಬುದು ಅವನ ಎಣಿಕೆ. ನಕ್ಷೆಯ ಕೆಲಸಕ್ಕೆ ತಿಯೊಡೋರ್ ಕೊರ್ನು ಎಂಬ ಫ್ರೆಂಚನನ್ನು ಹಿಡಿದ. ಮರಕೇಶ್‌ನ ಗಲ್ಲಿಗಳಲ್ಲಿ ದಾರಿ ತಪ್ಪಿದವರಿಗೆ ಇಲ್ಲಿ ತಪ್ಪದಿರುವುದಕ್ಕೆ ಅದೇ ಕಾರಣ. ಮುಖ್ಯ ಬೀದಿಗಳು ನೆಟ್ಟಗಿವೆ. ಆಮೇಲೆ ಯೆಹೂದಿ ವರ್ತಕ ಮನೆತನಗಳನ್ನು ಕರೆಸಿ, ಮನೆಯನ್ನೂ ಬಂಡವಾಳವನ್ನೂ ಕೊಟ್ಟು ಕೂರಿಸಿದ. ಸುಲ್ತಾನನ ವರ್ತಕರು ಎಂದೇ ಅವರಿಗೆ ಹೆಸರು. ಸಹಾರಾ ಮರುಭೂಮಿಯಾಚೆಯ ಟಿಂಬಕ್ಟು ಕಡೆಯ ಒಂಟೆಸಾಲುಗಳಲ್ಲಿ ಉಷ್ಟ್ರಪಕ್ಷಿಯ ಗರಿ, ಗೋಂದು, ಚಿನ್ನ ಬರುತ್ತಿದ್ದವು. ಇಂಗ್ಲೆಂಡಿನ ಹಡಗುಗಳಲ್ಲಿ ಬಟ್ಟೆ, ಚಹಾ. ಆಗ ಯುರೋಪಿಗೆ ಅದು ಮೊಗಡೋರ್. 1844ರಲ್ಲಿ ಫ್ರೆಂಚರು ಗುಂಡಿನ ಮಳೆಗರೆದರೂ ಊರು ಚೇತರಿಸಿಕೊಂಡಿತು. ಚೇತರಿಸಿಕೊಳ್ಳಲಾಗದ ಪೆಟ್ಟು ಕೊಟ್ಟದ್ದು ಇಪ್ಪತ್ತನೆಯ ಶತಮಾನ: 1912ರಲ್ಲಿ ಆಳಲು ಬಂದ ಫ್ರೆಂಚರು ಕಾಸಾಬ್ಲಾಂಕಾದ ಬಂದರನ್ನು ಬೆಳೆಸಿದರು. ಆಳವಿಲ್ಲದ ಈ ಬಂದರಿಗೆ ಮೀನುದೋಣಿಗಳೇ ಗತಿಯಾದವು.

ವರ್ತಕರು ಮೊದಲು ಕಾಸಾಬ್ಲಾಂಕಾಕ್ಕೆ ನಡೆದರು. 1948ರ ನಂತರ ಉಳಿದ ಯೆಹೂದಿಗಳೂ ಇಸ್ರೇಲ್, ಫ್ರಾನ್ಸ್, ಕೆನಡಾ ಎಂದು ಚದುರಿದರು. ಒಂದು ಕಾಲಕ್ಕೆ ಊರಿನ ದೊಡ್ಡ ಪಾಲಾಗಿದ್ದವರು ಈಗ ಬೆರಳೆಣಿಕೆಯಷ್ಟು. 1845ರಲ್ಲಿ ತೀರಿಕೊಂಡ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಹಾಯಿಮ್ ಪಿಂಟೊ ಅವರ ಸಮಾಧಿಗೆ ಪ್ರತಿ ವರ್ಷ ಹೊರದೇಶಗಳಿಂದ ಯಾತ್ರಿಕರು ಬರುತ್ತಾರೆ. ಯೆಹೂದಿಗಳ ಕೇರಿಯಾಗಿದ್ದ ಮೆಲ್ಲಾಹ್‌ನಲ್ಲಿ ಸಮುದ್ರದ ತೇವಕ್ಕೆ ಕುಸಿದ ಮನೆಗಳು ಎಷ್ಟೋ.

ಅದೇ ಒಂಟೆಸಾಲುಗಳ ಜೊತೆ ಗುಲಾಮರನ್ನೂ ಹೊಡೆದುಕೊಂಡು ಬರುತ್ತಿದ್ದರು. ವ್ಯಾಪಾರ ಮಾಡಿದವರು ಹೋದರು, ಸರಕಾಗಿ ಬಂದವರ ಸಂತತಿ ಉಳಿಯಿತು. ಅವರ ಪರಂಪರೆಯೇ ಗ್ನಾವಾ: ಮೂರು ತಂತಿಯ ಗಿಂಬ್ರಿ, ಕಬ್ಬಿಣದ ಚಿಟಿಕೆಗಳು, ರೋಗ ಬಿಡಿಸಲು ರಾತ್ರಿಯಿಡೀ ನಡೆಯುವ ಹಾಡು. ಊರಿಗೆ ಇಂದು ಹೆಸರು ತಂದಿರುವುದು 1998ರಿಂದ ನಡೆಯುತ್ತಿರುವ ಗ್ನಾವಾ ಉತ್ಸವ, ಕೋಟೆಯಲ್ಲ. ಆಡುಗಳಂತೂ ಅಲ್ಲವೇ ಅಲ್ಲ.

ಉತ್ಸವ ಸಾಮಾನ್ಯವಾಗಿ ಜೂನ್‌ನಲ್ಲಿ. ಆಗ ಹೋಗುವುದಾದರೆ ಕೋಣೆಯನ್ನು ಮೊದಲೇ ಹಿಡಿಯಿರಿ, ಬೇಸಿಗೆಯಾದರೂ ಗಾಳಿಗೆ ಸ್ವೆಟರ್ ಒಯ್ಯಿರಿ. ಎರಡನ್ನೂ ಮಾಡದೆ ಅಲ್ಲಿಂದ ನನಗೆ ಸಂದೇಶ ಕಳಿಸಬೇಡಿ.