ಕನ್ಸರ್ವೆನ್ಸಿ ಗಲ್ಲಿಯ ಛೇದನಕ್ಷೆ: ಎಂಟನೇ ತಿಂಗಳ ಟಿಪ್ಪಣಿ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಹಾದುಹೋಗುವ, ಕನ್ಸರ್ವೆನ್ಸಿ ಗಲ್ಲಿಗಳೆಂದು ಕರೆಯುವ ಕಿರುಗಲ್ಲಿಗಳನ್ನು ಅಳೆದು ದಾಖಲಿಸುವ ನಮ್ಮ ವಿಶ್ವವಿದ್ಯಾಲಯದ ಯೋಜನೆಗೆ ಈಗ ಎಂಟು ತಿಂಗಳು. ತಂಡದಲ್ಲಿ ಮೂವರಿದ್ದೇವೆ: ವಾಸ್ತುಶಿಲ್ಪ ವಿಭಾಗದಿಂದ ನಾನು, ಮುದ್ರಣಕಲೆಯನ್ನು ಕಲಿಸುವ ಒಬ್ಬ ಕಲಾವಿದೆ, ಸಾಮಾಜಿಕ ನೀತಿಯನ್ನು ಅಧ್ಯಯನ ಮಾಡುತ್ತಿರುವ ಒಬ್ಬ ಸಂಶೋಧಕ. ನಾಲ್ಕು ಗಲ್ಲಿಗಳ ಅಳತೆ ಮುಗಿಸುತ್ತೇವೆಂದು ಕಳೆದ ಟಿಪ್ಪಣಿಯಲ್ಲಿ ಹೇಳಿದ್ದೆ. ಮುಗಿದದ್ದು ಎರಡು. ತಡವಾದದ್ದಕ್ಕೆ ಮಳೆ ಸ್ವಲ್ಪ ಕಾರಣ, ನಾವೇ ನಕ್ಷೆಯಲ್ಲಿ ಮಾಡಿದ ತಪ್ಪುಗಳು ಹೆಚ್ಚು ಕಾರಣ.

ಮೊದಲು ಒಂದು ತಿದ್ದುಪಡಿ. ಈ ಗಲ್ಲಿಗಳು 1898ರ ಪ್ಲೇಗಿನ ಫಲವೆಂದು ಆರಂಭದಲ್ಲಿ ಬರೆದಿದ್ದೆ. ಹಾಗೆ ಬರೆಯುವುದು ರೂಢಿಯೂ ಆಗಿಬಿಟ್ಟಿದೆ. ಆದರೆ ಎರಡೂ ಬಡಾವಣೆಗಳ ವಿನ್ಯಾಸ ಪ್ಲೇಗು ಬರುವ ಮೊದಲೇ ನಡೆದಿತ್ತು. ಆ ವರ್ಷದ ಆಗಸ್ಟಿನಲ್ಲಿ ಊರಿಗೆ ಪ್ಲೇಗು ಕಾಲಿಟ್ಟ ಮೇಲೆ, ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಹೊರಟ ಜನರಿಂದ ಅವು ತುಂಬತೊಡಗಿದವು. ಇಲಿಯ ಮೈಮೇಲಿನ ಚಿಗಟಕ್ಕೂ ರೋಗಕ್ಕೂ ಇರುವ ನಂಟು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ದಟ್ಟಣೆ, ಕೊಳಕು, ಕೆಟ್ಟ ಗಾಳಿಗಳೇ ರೋಗದ ಮೂಲವೆಂದು ನಂಬಿದ್ದ ಕಾಲದಲ್ಲಿ ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಮಲ ಸಾಗಿಸಲು ಬೇರೆಯೇ ದಾರಿ ಇವೆಲ್ಲ ಆರೋಗ್ಯದ ಸಾಧನಗಳಾಗಿದ್ದವು. ಪ್ಲೇಗು ಈ ವಿನ್ಯಾಸವನ್ನು ಹುಟ್ಟಿಸಲಿಲ್ಲ. ಅದು ಸರಿಯೆಂದು ಜನರಿಗೆ ತೋರುವಂತೆ ಮಾಡಿತು ಎಂದರೆ ನಿಜಕ್ಕೆ ಹತ್ತಿರವಾದೀತು.

ಹೆಸರಿನ ಬಗ್ಗೆಯೂ ಒಂದು ಮಾತು. ಅಂದಿನ ಪುರಸಭೆಗಳ ಭಾಷೆಯಲ್ಲಿ ಕನ್ಸರ್ವೆನ್ಸಿ ಎಂದರೆ ನೈರ್ಮಲ್ಯ, ಅದರಲ್ಲೂ ಮಲ ಮತ್ತು ಕಸದ ಸಾಗಣೆ. ನಾವು ಟೇಪು ಹಿಡಿದು ನಿಂತಿದ್ದಾಗ ಕಾಲೇಜು ಹುಡುಗನೊಬ್ಬ ಬಂದು, ಆ ಪದಕ್ಕೆ ಸಂರಕ್ಷಣೆ ಎಂಬ ಅರ್ಥ ಹಚ್ಚಿ, ಇಲ್ಲಿ ಏನನ್ನು ಸಂರಕ್ಷಿಸುತ್ತಿದ್ದಾರೆ ಎಂದು ಕೇಳಿದ. ಉತ್ತರ ಹೇಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೆಲಸದ ಕೇಂದ್ರದಲ್ಲಿರುವುದು ಒಂದೇ ಚಿತ್ರ: ಒಂದು ಬೀದಿಯಿಂದ ಅದರ ಹಿಂದಿನ ಬೀದಿಯವರೆಗೆ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಮನೆಗಳನ್ನೂ ನಡುವಿನ ಗಲ್ಲಿಯನ್ನೂ ಸೀಳಿ ತೋರಿಸುವ ಛೇದನಕ್ಷೆ. ಸುಮಾರು 70 ಮೀಟರ್ ಉದ್ದದ ಜಾಗ 1:50ರ ಪ್ರಮಾಣದಲ್ಲಿ 1.4 ಮೀಟರ್ ಕಾಗದವಾಗುತ್ತದೆ. ಹಳೆಯ ಬೆಂಗಳೂರಿನ ಮನೆಗಳ ಚಿತ್ರಗಳು ಬೇಕಾದಷ್ಟಿವೆ. ಮಂಕಿ ಟಾಪ್ (ಕಿಟಕಿ, ಜಗುಲಿಗಳ ಮೇಲಿನ ಮರದ ಚೂಪು ಮಾಡು), ಮಂಗಳೂರು ಹೆಂಚು, ಜಗುಲಿಯ ಕಂಬ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಚಾವಣಿ), ಕೆಂಪು ಗಾರೆಯ ನೆಲ ಎಲ್ಲವನ್ನೂ ಅಕ್ಕರೆಯಿಂದ ಬರೆದವರಿದ್ದಾರೆ. ಆದರೆ ನಾನು ನೋಡಿದ ಹೆಚ್ಚಿನ ಚಿತ್ರಗಳು ಹಿತ್ತಿಲ ಬಾಗಿಲಿಗೆ ಬಂದು ನಿಂತುಬಿಡುತ್ತವೆ. ಬಚ್ಚಲು, ಒಗೆಯುವ ಕಲ್ಲು, ತೆಂಗಿನ ಮರ ದಾಟಿ ಹಿತ್ತಲಿನ ತುದಿಯಲ್ಲಿದ್ದ ಕಕ್ಕಸು ಅವುಗಳಲ್ಲಿ ಇಲ್ಲ. ಅದರ ಆಚೆಗಿನ ಗಲ್ಲಿಯಂತೂ ಇಲ್ಲವೇ ಇಲ್ಲ. ನನ್ನದೇ ವಿದ್ಯಾರ್ಥಿ ದಿನಗಳ ಅಳತೆಚಿತ್ರಗಳನ್ನು ತೆಗೆದು ನೋಡಿದೆ, ಅವೂ ಅಷ್ಟೇ.

ಆ ಕಕ್ಕಸಿನ ರಚನೆ ಸರಳ. ಕೂರುವ ಕಟ್ಟೆ ನೆಲದಿಂದ ಮೇಲಕ್ಕಿರುತ್ತಿತ್ತು. ಕೆಳಗಿನ ಗೂಡಿನಲ್ಲಿ ಬಕೆಟ್ಟು. ಗೂಡಿಗೆ ಗಲ್ಲಿಯ ಕಡೆಯಿಂದ ಒಂದು ಕಿರುಬಾಗಿಲು. ಮಲ ಹೊರುವವರು ಮನೆಯವರ ಕಣ್ಣಿಗೆ ಬೀಳದೆ, ಮುಂಬಾಗಿಲನ್ನಾಗಲಿ ಹಿತ್ತಲನ್ನಾಗಲಿ ಮುಟ್ಟದೆ, ಅಲ್ಲಿಂದಲೇ ಬಕೆಟ್ಟನ್ನು ಎಳೆದು ಬರಿದು ಮಾಡಿಕೊಂಡು ಹೋಗಬೇಕಿತ್ತು. ನೀರಿನ ಕೊರತೆ ಇದಕ್ಕೊಂದು ಕಾರಣವೆಂಬುದು ನಿಜ. ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಊರಿಗೆ ಬಂದದ್ದು 1933ರಲ್ಲಿ. ಆದರೆ ಮಲ ಸಾಗಿಸಲು ದಾರಿ ಬೇಕೆಂಬುದನ್ನು ನೀರಿನ ಕೊರತೆ ವಿವರಿಸುತ್ತದೆಯೇ ಹೊರತು, ಸಾಗಿಸುವವರು ಯಾರ ಕಣ್ಣಿಗೂ ಕಾಣದಂತೆ ಆ ದಾರಿ ಏಕಿರಬೇಕಿತ್ತು ಎಂಬುದನ್ನು ವಿವರಿಸುವುದಿಲ್ಲ. ಅದನ್ನು ವಿವರಿಸುವುದು ಜಾತಿ. ಅಸ್ಪೃಶ್ಯತೆಗೆ ಇಲ್ಲಿ ಅಡಿ ಅಂಗುಲಗಳ ಲೆಕ್ಕ ಸಿಕ್ಕಿದೆ ಎಂಬುದೇ ನಮ್ಮ ಯೋಜನೆ ಹೇಳಹೊರಟಿರುವ ಮಾತು.

ಈ ತಿಂಗಳ ಹೆಚ್ಚಿನ ಸಮಯವನ್ನು ತಿಂದದ್ದು ನೆಲದ ಮಟ್ಟ. ಅಳೆದ ಕಿರುಬಾಗಿಲುಗಳೆಲ್ಲ ನಂಬಲಾಗದಷ್ಟು ಗಿಡ್ಡವಾಗಿ ಬರುತ್ತಿದ್ದವು. ಟೇಪನ್ನು ಅನುಮಾನಿಸಿದೆವು, ಆಮೇಲೆ ಒಬ್ಬರನ್ನೊಬ್ಬರು ಅನುಮಾನಿಸಿದೆವು. ಕೊನೆಗೆ ಚರಂಡಿ ದುರಸ್ತಿಗೆಂದು ಒಂದು ಕಡೆ ಅಗೆದಾಗ ಗುಟ್ಟು ಬಯಲಾಯಿತು: ಒಂದರ ಮೇಲೊಂದು ಕಾಂಕ್ರೀಟು ಪದರ, ಅದರಡಿ ಜಲ್ಲಿ, ಅದರಡಿ ಈಗಿನ ಮಟ್ಟಕ್ಕಿಂತ 14 ಅಂಗುಲ ಕೆಳಗೆ ಹಳೆಯ ಚಪ್ಪಡಿ ಕಲ್ಲು. ಬಾಗಿಲುಗಳು ಗಿಡ್ಡವಾಗಿರಲಿಲ್ಲ, ಅರ್ಧ ಹೂತುಹೋಗಿದ್ದವು. ಆವರೆಗೆ ಬರೆದಿದ್ದ ಮೂರು ಹಾಳೆಗಳನ್ನು ಪಕ್ಕಕ್ಕಿಟ್ಟು ಮತ್ತೆ ಆರಂಭಿಸಬೇಕಾಯಿತು.

ಕಿರುಬಾಗಿಲುಗಳನ್ನು ಮುಚ್ಚಿದ ಬಗೆಯಲ್ಲೂ ಚರಿತ್ರೆಯಿದೆ. ಒಂದೇ ಗಲ್ಲಿಯಲ್ಲಿ ಗುರುತಿಸಿದ 13 ಕಿರುಬಾಗಿಲುಗಳಲ್ಲಿ ಕೆಲವನ್ನು ನಾಟಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ, ಹೆಚ್ಚಿನವನ್ನು ಸಿಮೆಂಟಿನಿಂದ, ಎರಡನ್ನು ಈಚಿನ ಕಾಂಕ್ರೀಟ್ ಬ್ಲಾಕಿನಿಂದ ಮುಚ್ಚಿದ್ದಾರೆ. ಒಂದು ಆದೇಶಕ್ಕೆ ಎಲ್ಲವೂ ಒಟ್ಟಿಗೆ ಮುಚ್ಚಿದ ಲಕ್ಷಣ ಇದಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, ಪೌರಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ಐ.ಪಿ.ಡಿ. ಸಾಲಪ್ಪ ವರದಿಯೂ ಅದೇ ದಶಕದ್ದು. ಕೇಂದ್ರದ ನಿಷೇಧ ಕಾಯ್ದೆಗಳು 1993 ಮತ್ತು 2013ರವು. ಈ ಎರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಭಂಗಿ ಸಮುದಾಯದವರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು. ನಮ್ಮ ಸಂಶೋಧಕ ಗೆಳೆಯ ಕಾಯ್ದೆಗಳ ಕಾಲರೇಖೆಯನ್ನೂ ಇಟ್ಟಿಗೆಗಳ ಕಾಲರೇಖೆಯನ್ನೂ ಅಕ್ಕಪಕ್ಕ ಇಡುತ್ತಿದ್ದಾನೆ. ಎರಡೂ ಹೊಂದುವುದಿಲ್ಲ ಎಂಬುದು ಈಗಲೇ ಕಾಣುತ್ತಿದೆ.

ಕಲಾವಿದೆಯ ಕೆಲಸವೇ ಈ ತಿಂಗಳ ದೊಡ್ಡ ಲಾಭ. ಮಲ್ಲೇಶ್ವರದ ಕೆಲವು ಗಲ್ಲಿಗಳ ಗೋಡೆಗಳಲ್ಲಿ ಈಚೆಗೆ ಬಣ್ಣದ ಚಿತ್ರಗಳು ಮೂಡಿವೆ. ಕಸ ಸುರಿಯುವ ಜಾಗ ನಡೆದಾಡುವ ಜಾಗವಾಗುವುದಾದರೆ ಅದನ್ನು ಹಳಿಯುವವನು ನಾನಲ್ಲ. ಆದರೆ ಬಣ್ಣದ ಅಡಿಯಲ್ಲಿ ಕಿರುಬಾಗಿಲ ಚೌಕಟ್ಟೂ ಮುಚ್ಚಿಹೋಗುತ್ತದೆ. ಅದಕ್ಕೇ ಅವರು, ಶಾಸನತಜ್ಞರು ಕಲ್ಲಿನ ಬರಹಕ್ಕೆ ಮಾಡುವಂತೆ, ಈ ಗೋಡೆಗಳ ಪಡಿಯಚ್ಚು ತೆಗೆಯೋಣ ಎಂದರು. ಕಾಡು ಮಲ್ಲೇಶ್ವರ ದೇವಾಲಯಕ್ಕೆ ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಕೊಟ್ಟ ದತ್ತಿಯ ಶಾಸನವನ್ನು ಓದುತ್ತೇವೆ; ಅದೇ ಮಲ್ಲೇಶ್ವರದ ಹಿಂಗೋಡೆಗೇಕೆ ಆ ಗೌರವವಿಲ್ಲ ಎಂಬುದು ಅವರ ವಾದ. ಒದ್ದೆ ಕಾಗದವನ್ನು ಗೋಡೆಗೆ ಹಚ್ಚಿ, ಬ್ರಶ್ಶಿನಿಂದ ಬಡಿದು ಕೂರಿಸಿ, ಆರುತ್ತಿರುವಾಗ ಮಸಿ ಹಚ್ಚಿದ ಬಟ್ಟೆಯ ಉಂಡೆಯನ್ನು ಒತ್ತಬೇಕು. ಕಣಶಿಲೆಗೆ ಒಗ್ಗುವ ವಿಧಾನ ಉದುರುವ ಗಾರೆಗೆ ಸುಲಭವಾಗಿ ಒಗ್ಗಲಿಲ್ಲ: ಮೊದಲ ಐದು ಹಾಳೆಗಳು ಗಾರೆಯನ್ನೂ ಕಿತ್ತುಕೊಂಡು ಹರಿದುಬಂದವು. ಆರನೆಯದು ನಿಂತಿತು. ಕಪ್ಪು ಮಸಿಯ ನಡುವೆ ಚೌಕಟ್ಟಿನ ಕಲ್ಲೂ, ಕೊಂಡಿ ಸಿಕ್ಕಿಸುತ್ತಿದ್ದ ತೂತೂ ಬೆಳ್ಳಗೆ ಮೂಡಿವೆ.

ಛೇದನಕ್ಷೆಯನ್ನು ಕಳೆದ ವಾರ ನಿವೃತ್ತ ಪೌರಕಾರ್ಮಿಕ ಮಹಿಳೆಯೊಬ್ಬರಿಗೆ ತೋರಿಸಿದೆವು. ಚಿಕ್ಕಂದಿನಲ್ಲಿ ತಾಯಿಯ ಹಿಂದೆ ಇಂಥ ಗಲ್ಲಿಗಳಲ್ಲಿ ನಡೆದವರು ಅವರು. ತೆಲುಗು ಬೆರೆತ ಕನ್ನಡದಲ್ಲಿ ಮೊದಲು ಮನೆಗಳನ್ನು ಹೊಗಳಿದರು. ಆಮೇಲೆ ಗಲ್ಲಿಯಲ್ಲಿ ನಾನು ಅಳತೆಯ ಅಂದಾಜಿಗೆಂದು ನಿಲ್ಲಿಸಿದ್ದ ಮನುಷ್ಯಾಕೃತಿಯ ಮೇಲೆ ಬೆರಳಿಟ್ಟು, ಅಲ್ಲಿ ಯಾರೂ ಹೀಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ ಎಂದು ಹೇಳಿ, ಕುರ್ಚಿಯಿಂದ ಎದ್ದು, ಒಂದು ಮಂಡಿ ನೆಲಕ್ಕೂರಿ, ಮುಖವನ್ನು ಬದಿಗೆ ತಿರುಗಿಸಿಕೊಂಡು ಬಲಗೈಯನ್ನು ಚಾಚಿ ತೋರಿಸಿದರು. ಅವರ ಒಪ್ಪಿಗೆ ಪಡೆದು ಕಲಾವಿದೆ ಆ ಭಂಗಿಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ನಾನು ಭುಜದ ಎತ್ತರವನ್ನೂ ಕೈಯ ಚಾಚನ್ನೂ ಅಳೆದುಕೊಂಡೆ. ಮೂಲ ಚಪ್ಪಡಿಯ ಮಟ್ಟದಿಂದ ಲೆಕ್ಕ ಹಾಕಿದಾಗ ಕಿರುಬಾಗಿಲ ಮೇಲಂಚು ಆ ಭುಜಕ್ಕೆ ಸರಿಯಾಗಿ ಬಂತು. ನಿಂತ ಆಕೃತಿಯನ್ನು ಅಳಿಸಿದ್ದೇನೆ. ಹೊಸ ಆಕೃತಿಯೊಂದಿಗೆ ಹಾಳೆಯನ್ನು ಬರುವ ವಾರ ಮತ್ತೆ ಅವರ ಮನೆಗೆ ಒಯ್ಯಬೇಕು.