ನಾಲ್ಕು ಲಕ್ಷದ ಟ್ರಯಲ್ಲು

ನಮ್ಮ ಅಕ್ಕನ ಮಗ ಫುಟ್‌ಬಾಲ್‌ನಲ್ಲಿ ಸ್ಟಾಪರ್, ಅಂದರೆ ಹಿಂದೆ ನಡುವಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ಮಂಡ್ಯದ ಪಕ್ಕದ ನಮ್ಮ ಭಾವನ ಊರಲ್ಲಿ ಈ ಮಾತು ಹೇಳಿದರೆ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಗೋಲ್ ಹೊಡ್ದವ್ನೆ?" ಒಂದೂ ಇಲ್ಲ ಅಂದರೆ ಕೇಳಿದವರು ಮೆಲ್ಲಗೆ ಮಳೆ, ನಾಲೆ ನೀರಿನ ವಿಷಯಕ್ಕೆ ಬರುತ್ತಾರೆ.

ಹುಡುಗ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಾನೆ. ಓದುತ್ತಾನೆ ಅನ್ನೋದು ಅಕ್ಕನ ಸಮಾಧಾನಕ್ಕೆ ಹೇಳುವ ಮಾತು. ಸಂಜೆಯಾದರೆ ಬೂಟು ಚೀಲಕ್ಕೆ ಹಾಕಿಕೊಂಡು ಮೈದಾನಕ್ಕೆ ಹೊರಟಾಯಿತು. ನಾನೂ ಕಾಲೇಜಿನಲ್ಲಿದ್ದಾಗ ಲೆಫ್ಟ್ ಬ್ಯಾಕ್ ಆಡುತ್ತಿದ್ದವನು. ಹಾಗಾಗಿ ಗದರಿಸುವ ಕೆಲಸ ನನ್ನಿಂದ ಸರಿಯಾಗಿ ಆಗುವುದಿಲ್ಲ.

2024ರಲ್ಲಿ ಒಂದು ಪಂದ್ಯ ಮುಗಿದ ಮೇಲೆ ಯಾರೋ ಒಬ್ಬ ಇವನನ್ನು ಮಾತಾಡಿಸಿ ಅಪ್ಪನ ನಂಬರ್ ತೆಗೆದುಕೊಂಡು ಹೋಗಿದ್ದ. ಸ್ವಲ್ಪ ದಿನಕ್ಕೆ ಭಾವನ ಫೋನ್ ಬಂತು. "ಅಲ್ಲ ಕಣಯ್ಯ, ನಮ್ ಹುಡುಗುನ್ನ ಯುರೋಪ್‌ಗೆ ಕಳುಸ್ತೀನಿ ಅಂತಾವ್ನೆ. ದುಡ್ ಕೇಳ್ತಾವ್ನೆ. ಭಾನುವಾರ ಮೈಸೂರ್ಗೇ ಬತ್ತಾನಂತೆ. ನೀನೂ ಒಸಿ ಬಂದು ಕುಂತ್ಕೊ." ನಾನು ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವವನು. ಮನೆಯಲ್ಲಿ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ನನ್ನನ್ನು ಕರೆಯುವುದು ರೂಢಿ.

ಆ ಭಾನುವಾರ ಭಾವ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿಳಿದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರು, ಜೊತೆಗೆ ಜಮೀನಿನ ಪಹಣಿ. ಪಹಣಿ ಯಾಕೆ ಭಾವ ಅಂದೆ. "ಇರ್ಲಿ ಬುಡು, ಸಾಲ ಎತ್ತೋ ಅಂಗಿದ್ರೆ ಬೇಕಾಯ್ತದೆ" ಅಂದರು. ಅಂದರೆ ಅರ್ಧ ಮನಸ್ಸು ಮಾಡಿಕೊಂಡೇ ಬಂದಿದ್ದರು.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಆ ಮನುಷ್ಯ ನಮಗಾಗಿ ಕಾಯುತ್ತಿದ್ದ. ಮಾತು ನಯ. ಹುಡುಗನನ್ನು "ನಮ್ಮ ಚಾಂಪಿಯನ್" ಅಂತಲೇ ಕರೆದ. ಸ್ಪೇನ್‌ನಲ್ಲಿ ಟ್ರಯಲ್, ಊಟ ವಸತಿ, ವೀಸಾ, ಎಲ್ಲಾ ಸೇರಿ ನಾಲ್ಕು ಲಕ್ಷ. ಅರ್ಧ ಈಗ, ಅರ್ಧ ವೀಸಾ ಬಂದ ಮೇಲೆ. ಟ್ರಯಲ್ ಗ್ಯಾರಂಟಿ, ಸೆಲೆಕ್ಷನ್ ಮಾತ್ರ ಹುಡುಗನ ಅದೃಷ್ಟ. ಆಮೇಲೆ ಟ್ಯಾಬ್ ತಿರುಗಿಸಿ ಒಂದು ಫೋಟೋ ತೋರಿಸಿದ. ಭಾರತ ತಂಡದ ಸಂದೇಶ್ ಜಿಂಗಾನ್. "ಇವರೂ ಡಿಫೆಂಡರೇ ಸರ್. ಕ್ರೊಯೇಷ್ಯಾಗೆ ಹೋಗಲಿಲ್ವಾ? ನಿಮ್ಮ ಹುಡುಗನದೂ ಅದೇ ದಾರಿ."

ಹುಡುಗ ಅಲ್ಲಿಯವರೆಗೆ ತಲೆ ಬಗ್ಗಿಸಿಕೊಂಡು ವಡೆ ತಿನ್ನುತ್ತಿದ್ದ. ಅಪ್ಪನ ಮುಂದೆ ಅವನು ಬಾಯಿ ಬಿಡುವುದೇ ಕಡಿಮೆ. "ಸರ್, ಜಿಂಗಾನ್ ಹೋಗಿದ್ದು 28ನೇ ವಯಸ್ಸಿಗೆ" ಅಂದ.

ಆ ಮನುಷ್ಯ ನಕ್ಕು, ಅದಕ್ಕೇ ನೀನು ಬೇಗ ಹೋಗಬೇಕು ಅಂದ. ಆದರೆ ಹುಡುಗ ಹೇಳಿದ್ದರಲ್ಲಿ ಎಲ್ಲಾ ಇತ್ತು. ಜಿಂಗಾನ್ ಚಂಡೀಗಢದವರು. ಯುನೈಟೆಡ್ ಸಿಕ್ಕಿಂ ಕ್ಲಬ್‌ನಲ್ಲಿ ಆಡಿ, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಕೇರಳ ಬ್ಲಾಸ್ಟರ್ಸ್ ಸೇರಿದರು. 2015ರಲ್ಲಿ ಭಾರತ ತಂಡಕ್ಕೆ ಬಂದರು. 2019ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಒಂದು ಸೀಸನ್ ಪೂರ್ತಿ ಹೊರಗೆ ಕೂತರು. ಅರ್ಜುನ ಪ್ರಶಸ್ತಿಯೂ ಬಂದಿತ್ತು. ಇಷ್ಟೆಲ್ಲಾ ಆದ ಮೇಲೆ 2021ರ ಆಗಸ್ಟ್‌ನಲ್ಲಿ ಕ್ರೊಯೇಷ್ಯಾದ ಮೊದಲ ದರ್ಜೆ ಲೀಗ್‌ನಲ್ಲಿದ್ದ ಶಿಬೆನಿಕ್ ಕ್ಲಬ್‌ಗೆ ಹೋದರು. ಅಲ್ಲಿ ಮೊದಲ ಪಂದ್ಯಕ್ಕೆ ಮುಂಚೆಯೇ ಅಭ್ಯಾಸದಲ್ಲಿ ಗಾಯ. ಲೀಗ್‌ನಲ್ಲಿ ಒಂದೂ ಪಂದ್ಯ ಆಡದೆ 2022ರ ಜನವರಿಯಲ್ಲಿ ಮೋಹನ್ ಬಾಗಾನ್‌ಗೆ ವಾಪಸ್.

ಟ್ಯಾಬಿನ ಫೋಟೋದಲ್ಲಿ ಇದ್ಯಾವುದೂ ಇರಲಿಲ್ಲ. ಜರ್ಸಿ ಹಿಡಿದು ನಗುತ್ತಿರುವುದಷ್ಟೇ ಇತ್ತು.

ನಾನು ಹಿಂದಿನ ರಾತ್ರಿ ಕೂತು ಜಗತ್ತಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾದ ವರ್ಗಾವಣೆ ನಿಯಮಗಳನ್ನು, ಅಂದರೆ ಆಟಗಾರ ಕ್ಲಬ್ ಬದಲಿಸುವ ನಿಯಮಗಳನ್ನು, ಓದಿದ್ದೆ. ಲೆಕ್ಕದವನ ಚಟ. ಅದರಲ್ಲಿ 19ನೇ ವಿಧಿ ಅಂತ ಒಂದಿದೆ. 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ ರಿಜಿಸ್ಟರ್ ಮಾಡಿಕೊಳ್ಳುವ ಹಾಗಿಲ್ಲ. ವಿನಾಯಿತಿ ಕೆಲವು ಇವೆ. ಯುರೋಪ್ ಒಕ್ಕೂಟದ ಒಳಗೇ ಕ್ಲಬ್ ಬದಲಿಸುವ 16 ದಾಟಿದ ಹುಡುಗನಾದರೆ ಸರಿ. ಗಡಿಯಿಂದ 50 ಕಿಲೋಮೀಟರ್ ಒಳಗೆ ಮನೆ ಇದ್ದು, ಆಚೆ ಕಡೆಯ ಕ್ಲಬ್ಬೂ ಅಷ್ಟೇ ಹತ್ತಿರ ಇದ್ದರೆ ಸರಿ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದರೂ ಸರಿ. ಅಂದರೆ ನಮ್ಮ ಭಾವ ಕಬ್ಬಿನ ಗದ್ದೆ ಬಿಟ್ಟು ಸ್ಪೇನ್‌ನಲ್ಲಿ ಕೆಲಸ ಹಿಡಿಯಬೇಕು.

ಇದು ಹೆಸರಿಗೆ ಮಾತ್ರ ಇರುವ ನಿಯಮ ಅಲ್ಲ. ಬಾರ್ಸಿಲೋನಾದಂಥ ಕ್ಲಬ್ಬೇ ಚಿಕ್ಕ ಹುಡುಗರನ್ನು ಹೀಗೆ ಸೇರಿಸಿಕೊಂಡಿದ್ದಕ್ಕೆ ಸಿಕ್ಕಿಬಿದ್ದು 2015ರಲ್ಲಿ ಹೊಸ ಆಟಗಾರರನ್ನು ರಿಜಿಸ್ಟರ್ ಮಾಡಲಾಗದೆ ಕೂತಿತ್ತು. ಆ ವರ್ಷ ಕೊಂಡ ಅರ್ದಾ ತುರಾನ್‌ನನ್ನು ಆಡಿಸಲು 2016ರ ಜನವರಿವರೆಗೆ ಕಾಯಬೇಕಾಯಿತು.

"ಹುಡುಗನಿಗೆ 18 ಆಗಿಲ್ಲ. ಟ್ರಯಲ್‌ನಲ್ಲಿ ಚೆನ್ನಾಗಿ ಆಡಿದ ಅಂತಲೇ ಇಟ್ಕೊಳ್ಳಿ. ಕ್ಲಬ್‌ನವರು ಯಾವ ನಿಯಮದಡಿ ರಿಜಿಸ್ಟರ್ ಮಾಡ್ತಾರೆ?" ಅಂತ ಕೇಳಿದೆ. ಅದೆಲ್ಲಾ ಅಲ್ಲಿನವರು ನೋಡ್ಕೋತಾರೆ ಸರ್ ಅಂದ. ವೀಸಾ ಯಾವುದು ಅಂದೆ. ಟೂರಿಸ್ಟ್ ಅಂದ. ನಿಮ್ಮ ಏಜೆಂಟ್ ಲೈಸೆನ್ಸ್? ಆಫೀಸಿನಲ್ಲಿದೆ ಅಂದ. ಫಿಫಾ 2015ರಲ್ಲಿ ಏಜೆಂಟ್ ಲೈಸೆನ್ಸ್ ಪದ್ಧತಿ ಕೈಬಿಟ್ಟು, 2023ರಲ್ಲಿ ಮತ್ತೆ ತಂದಿದೆ. ಪರೀಕ್ಷೆ ಪಾಸಾಗಬೇಕು. ಪಾಸಾದವರ ಹೆಸರು ಫಿಫಾದ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮತ್ತೆ ನಿಜವಾದ ಏಜೆಂಟ್ ದುಡ್ಡು ಮಾಡೋದು ಆಟಗಾರನಿಗೆ ಒಪ್ಪಂದ ಆದ ಮೇಲೆ, ಅವನ ಸಂಬಳದ ಒಂದು ಪಾಲಿನಿಂದ. ಟ್ರಯಲ್‌ಗೆ ಮುಂಚೆಯೇ ಅಪ್ಪನ ಜೇಬಿಗೆ ಕೈ ಹಾಕುವವನಿಗೆ ಹುಡುಗ ಸೆಲೆಕ್ಟ್ ಆದರೆಷ್ಟು, ಬಿಟ್ಟರೆಷ್ಟು?

ಭಾವ ಅಲ್ಲಿ ಏನೂ ಹೇಳಲಿಲ್ಲ. ಕಾಫಿ ಬಿಲ್ಲನ್ನು ಆ ಮನುಷ್ಯನಿಗೆ ಕೊಡಲು ಬಿಡದೆ ತಾವೇ ಕೊಟ್ಟರು. ಅಲ್ಲಿಗೆ ಅವರ ಉತ್ತರ ನನಗೆ ತಿಳಿಯಿತು. ಯಾರ ಋಣವನ್ನೂ ಇಟ್ಟುಕೊಳ್ಳದೆ ಎದ್ದು ಬರುವ ಜನ ಅವರು.

ಭಾವನ ವಾಪಸ್ ರೈಲು ಸಂಜೆಗೆ. ಮನೆಯಲ್ಲಿ ಊಟ ಮುಗಿಸಿ, ಹುಡುಗನದು ಪ್ರಾಕ್ಟೀಸ್ ಮ್ಯಾಚ್ ಇದೆ ಅಂತ ಮೈದಾನಕ್ಕೆ ಕರೆದುಕೊಂಡು ಹೋದೆ. ಮಗ ಆಡುವುದನ್ನು ಅವರು ನೋಡಿದ್ದು ಅದೇ ಮೊದಲು. ಕಲ್ಲುಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ನೆ ನೋಡಿ ಕೇಳಿದರು: "ಅವುನ್ಯಾಕ್ಲಾ ಆಪಾಟಿ ಕಿರುಚ್ತಾವ್ನೆ? ಚೆಂಡೇ ಅವುನ್ ತಾವ ಇಲ್ವಲ್ಲ?"

ಒಳ್ಳೇ ಪ್ರಶ್ನೆ. ಸ್ಟಾಪರ್ ಕೆಲಸದಲ್ಲಿ ಅರ್ಧ ಇರೋದೇ ಅದು. ಹಿಂದಿನ ನಾಲ್ವರೂ ಒಂದೇ ಗೆರೆಯಲ್ಲಿ ಮುಂದೆ ಬರಬೇಕು, ಒಂದೇ ಗೆರೆಯಲ್ಲಿ ಹಿಂದೆ ಸರಿಯಬೇಕು. ಎದುರಾಳಿ ಸ್ಟ್ರೈಕರ್‌ಗೆ ಚೆಂಡು ಕೊಟ್ಟ ಕ್ಷಣ ಅವನು ಈ ಗೆರೆ ದಾಟಿ ನಿಂತಿದ್ದರೆ ಆಫ್‌ಸೈಡ್, ಆಟ ನಿಲ್ಲುತ್ತದೆ. ನಮ್ಮವರಲ್ಲಿ ಒಬ್ಬ ಹಿಂದೆ ಉಳಿದರೂ ಸ್ಟ್ರೈಕರ್ ಆಫ್‌ಸೈಡ್ ಆಗುವುದಿಲ್ಲ, ನೇರ ಗೋಲಿಯ (ಗೋಲ್‌ಕೀಪರ್) ಮುಂದೆ ಹೋಗಿ ನಿಲ್ಲುತ್ತಾನೆ. ಮುಂದಿರುವವರ ಬೆನ್ನು, ಇಡೀ ಮೈದಾನ ಕಾಣುವುದು ಹಿಂದೆ ನಿಂತವನಿಗೇ. ಹಾಗಾಗಿ ಹೇಳುತ್ತಲೇ ಇರಬೇಕು. ಬಾ, ನಿಲ್ಲು, ಬಲಗಡೆ ಒಬ್ಬ ಬಂದ, ಅವನನ್ನು ಹಿಡಿ. ಸ್ಟ್ರೈಕರ್ ಪರದೇಶಕ್ಕೆ ಹೋದರೆ ಕಾಲು ಮಾತಾಡಿದರೂ ನಡೆದೀತು. ಡಿಫೆಂಡರ್‌ಗೆ ಬಾಯಿಯೂ ಬೇಕು. ಯಾವ ಭಾಷೆಯಲ್ಲಿ ಕೂಗೋದು? ಅರ್ಧ ಸೆಕೆಂಡಿನಲ್ಲಿ ಕೂಗಬೇಕು, ಕೇಳಿದವನು ಅಷ್ಟರಲ್ಲೇ ತಿರುಗಬೇಕು. ಜೊತೆಗಾರ ಯಾವಾಗ ಮುಂದೆ ನುಗ್ಗುತ್ತಾನೆ, ಗೋಲಿ ಯಾವಾಗ ಹೊರಗೆ ಬರುತ್ತಾನೆ ಅನ್ನುವ ಅಭ್ಯಾಸವೂ ಆಗಬೇಕು. ಅದಕ್ಕೇ ಇರಬೇಕು, ತಂಡ ಗೆಲ್ಲುತ್ತಿದ್ದರೆ ಕೋಚ್‌ಗಳು ಹಿಂದಿನ ಜೋಡಿಯನ್ನು ಮುಟ್ಟುವುದೇ ಇಲ್ಲ. ಹೊಸದಾಗಿ ಬಂದವನು ಬೆಂಚಿನ ಮೇಲೆ ಕೂತು ಕಾಯಬೇಕು.

ಭಾವನಿಗೆ ಜಾನ್ ಜಾನ್ಸನ್ ವಿಷಯ ಹೇಳಿದೆ. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನವರು. ನಾರ್ಥಾಂಪ್ಟನ್ ಟೌನ್‌ನಂಥ ಕೆಳಗಿನ ಲೀಗ್ ಕ್ಲಬ್‌ನಲ್ಲಿ ಆಡಿ, 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಲೇ ಬಂದು ಸೇರಿದ ಸ್ಟಾಪರ್. ಆ ಮೊದಲ ಸೀಸನ್‌ನಲ್ಲೇ ತಂಡ ಆಗಿನ ದೇಶದ ಮೊದಲ ದರ್ಜೆಯ ಐ-ಲೀಗ್ ಗೆದ್ದಿತು. ಆಗ ನಾನು ಮೈಸೂರಿನಿಂದ ಅಶೋಕನಗರದ ಸ್ಟೇಡಿಯಂಗೆ ಮ್ಯಾಚ್ ನೋಡಲು ಹೋಗುತ್ತಿದ್ದೆ. ಎಲ್ಲರೂ ಸುನಿಲ್ ಛೇತ್ರಿ ಕಡೆ ನೋಡುತ್ತಿದ್ದರೆ ನನ್ನ ಕಣ್ಣು ಹಿಂದಿನ ಈ ಮನುಷ್ಯನ ಮೇಲೆ. ಅವರ ಗಂಟಲು ಗ್ಯಾಲರಿಗೂ ಕೇಳುತ್ತಿತ್ತು. 2016ರಲ್ಲಿ ತಂಡ ದೋಹಾದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿದಾಗಲೂ ತಂಡದಲ್ಲಿದ್ದರು. ಫಾರಿನ್‌ಗೆ ಹೋಗಿ ಬದುಕು ಕಟ್ಟಿಕೊಂಡ ಡಿಫೆಂಡರ್ ಅಂದರೆ ನನಗೆ ಮೊದಲು ನೆನಪಾಗೋದು ಇವರೇ. ಅವರಿಗೆ ಫಾರಿನ್ ಅಂದರೆ ನಮ್ಮ ಬೆಂಗಳೂರು, ಅಷ್ಟೆ.

"ಅಂಗಾದ್ರೆ ನಮ್ಮೋರು ಅಲ್ಗೆ ಯಾಕೋಗಲ್ಲ?" ಭಾವ ಬಿಡಲಿಲ್ಲ. ಹೋಗಿದ್ದಾರೆ, ಆದರೆ ಬಾಗಿಲು ಕಿರಿದು. ಸುನಿಲ್ ಛೇತ್ರಿಗೇ 2009ರಲ್ಲಿ ಲಂಡನ್ನಿನ ಕ್ಯೂಪಿಆರ್ ಕ್ಲಬ್ ಒಪ್ಪಂದ ಕೈಗೆ ಬಂದಿತ್ತು. ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇಲ್ಲ ಅಂತ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. ಆಟಗಾರ ಎಷ್ಟೇ ಚೆನ್ನಾಗಿರಲಿ, ದೇಶದ ನಂಬರ್ ಅಡ್ಡ ಬರುತ್ತದೆ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿದರು. ಲೀಗ್ ಪಂದ್ಯದಲ್ಲಿ ಗೋಲು ಕಾಯಲು ಸಿಕ್ಕಿದ್ದು 2016ರಲ್ಲಿ. ಅಷ್ಟು ದಿನ ಆ ಚಳಿಯಲ್ಲಿ ಅಭ್ಯಾಸ ಮಾಡುತ್ತಾ ಕಾದರಲ್ಲ, ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಆಟ ಮುಗಿಸಿ ಬಂದು ಪಕ್ಕ ಕೂತ ಹುಡುಗ ನೀರು ಕುಡಿಯುತ್ತಾ ಮಾತಿಗೆ ಸೇರಿಕೊಂಡ. ಅಪ್ಪನ ಮುಂದೆ ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕೊರಿಯಾದ ಸ್ಟಾಪರ್ ಕಿಮ್ ಮಿನ್-ಜೇ ಅವನ ದೇವರು. "ಅವನು ಒಂದೇ ಸಲ ಯುರೋಪ್‌ಗೆ ಹೋಗಿಲ್ಲ ಮಾವ. ಮೊದಲು ಕೊರಿಯಾದಲ್ಲೇ ಆಡಿದ. 2019ರಲ್ಲಿ ಚೀನಾದ ಬೀಜಿಂಗ್. 2021ರಲ್ಲಿ ಟರ್ಕಿಯ ಫೆನರ್‌ಬಾಚೆ. ಆಮೇಲೆ ನಾಪೋಲಿ. ಹೋದ ವರ್ಷವೇ 33 ವರ್ಷದ ಮೇಲೆ ಇಟಲಿ ಚಾಂಪಿಯನ್ ಮಾಡಿಸಿದ. ಜರ್ಮನಿಯ ಬಯರ್ನ್‌ಗೆ ಹೋದಾಗ ಅವನಿಗೆ 26." ನೆದರ್‌ಲೆಂಡ್ಸಿನ ಡಿಫೆಂಡರ್ ವ್ಯಾನ್ ಡೈಕ್ ಕಥೆಯೂ ಬಂತು. ಹುಡುಗನಾಗಿದ್ದಾಗ ಬ್ರೆಡಾ ಊರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವನು, 21ಕ್ಕೆ ಸ್ಕಾಟ್ಲೆಂಡಿನ ಸೆಲ್ಟಿಕ್, 24ಕ್ಕೆ ಸೌತಾಂಪ್ಟನ್, ಲಿವರ್‌ಪೂಲ್ 7.5 ಕೋಟಿ ಪೌಂಡ್ ಕೊಟ್ಟಾಗ 26.

ಭಾವ ಪೌಂಡಿನ ಲೆಕ್ಕ ಹಿಡಿಯಲಿಲ್ಲ, ವಯಸ್ಸಿನ ಲೆಕ್ಕ ಹಿಡಿದರು. "ಅಂಗಾದ್ರೆ ಈ ಆಟ್ದಲ್ಲಿ ಹಿಂದುಗಡೆಯೋರು ತಡವಾಗಿ ಬಲಿತಾರೆ ಅನ್ನು. ಕಬ್ಬು ಎಂಟ್ ತಿಂಗ್ಳಿಗೇ ಕಡ್ದ್ರೆ ಇಳುವರಿ ಎಲ್ ಬಂದಾತು?" ಹುಡುಗ ನಕ್ಕ. ಅಪ್ಪ ಮಗ ಫುಟ್‌ಬಾಲ್ ವಿಷಯದಲ್ಲಿ ಒಪ್ಪಿಕೊಂಡ ಮೊದಲ ಮಾತು ಅದು ಅಂತ ಕಾಣುತ್ತದೆ.

ನನ್ನ ಅಭಿಪ್ರಾಯವೂ ಹೆಚ್ಚು ಕಡಿಮೆ ಅದೇ. ಹುಡುಗ ಹೊರಗೆ ಹೋಗಬಾರದು ಅಂತಲ್ಲ. ಶಿಬೆನಿಕ್‌ನಲ್ಲಿ ಆಡಲು ಆಗದಿದ್ದರೂ ಜಿಂಗಾನ್ ಹೋಗಿದ್ದೇ ಸರಿ ಅಂತ ನನಗನಿಸುತ್ತದೆ. ಆದರೆ ಅವರನ್ನು ಕ್ಲಬ್ಬೇ ಕರೆದು ಸಂಬಳ ಕೊಟ್ಟಿತ್ತು. ಗಾಯವಾದರೂ ಒಪ್ಪಂದ ಇತ್ತು, ವಾಪಸ್ ಬಂದರೆ ಸೇರಿಸಿಕೊಳ್ಳಲು ಇಲ್ಲಿ ತಂಡ ಇತ್ತು. ಟೂರಿಸ್ಟ್ ವೀಸಾದಲ್ಲಿ ಹೋದ ನಮ್ಮ ಹುಡುಗ ಅಲ್ಲಿ ಮೊಣಕಾಲು ಮುರಿದುಕೊಂಡರೆ ಯಾರಿಗೆ ಫೋನ್ ಮಾಡಬೇಕು? ಅದೂ ಅಲ್ಲದೆ ಇಲ್ಲೇ ಜಾಗ ಸಿಗೋದು ಸುಲಭವಲ್ಲ. ಐಎಸ್‌ಎಲ್‌ನಲ್ಲಿ ಒಂದು ತಂಡ ಮೈದಾನದಲ್ಲಿ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಅದರಲ್ಲಿ ಒಬ್ಬರಾದರೂ ಸ್ಟಾಪರ್ ಜಾಗದಲ್ಲಿ ನಿಂತಿರುವುದು ಸಾಮಾನ್ಯ. ಜಾನ್ಸನ್ ಇದ್ದ ಜಾಗವೇ ನಮ್ಮ ಹುಡುಗ ಕಣ್ಣಿಟ್ಟಿರುವ ಜಾಗ.

ಒಂದು ಮಾತು ಮಾತ್ರ ಆವತ್ತೇ ಭಾವನಿಗೆ ಒತ್ತಿ ಹೇಳಿದೆ. ಹುಡುಗ ಯಾವ ಕ್ಲಬ್‌ನಲ್ಲಿ ಆಡುತ್ತಾನೋ ಅಲ್ಲಿ ಅವನ ಹೆಸರು ಸರಿಯಾಗಿ ರಿಜಿಸ್ಟರ್ ಆಗಿರಬೇಕು. ಆಟಗಾರ ಮುಂದೆ ದುಡ್ಡಿಗೆ ಬೇರೆ ದೇಶದ ಕ್ಲಬ್‌ಗೆ ಹೋದರೆ ಆ ವರ್ಗಾವಣೆ ಹಣದಲ್ಲಿ 5 ಪರ್ಸೆಂಟ್ ತೆಗೆದು, 12ರಿಂದ 23ರ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಅಂತ ಫಿಫಾ ನಿಯಮ ಇದೆ. ವರ್ಷಕ್ಕಿಷ್ಟು ಅಂತ ಲೆಕ್ಕ. ಕಾಗದದಲ್ಲಿ ಹೆಸರಿಲ್ಲದಿದ್ದರೆ ಚೆಂಡು, ನೆಟ್ಟು ಸ್ವಂತ ದುಡ್ಡಲ್ಲಿ ಕೊಳ್ಳುವ ಇಲ್ಲಿನ ಕ್ಲಬ್‌ಗೆ ಬಿಡಿಗಾಸೂ ಬರಲ್ಲ. ನಾನಂತೂ ಆ ನಿಯಮ ಓದಿ ಖುಷಿಪಟ್ಟೆ. ಭಾವ ಆಕಳಿಸಿದರು.

ಆ ಮನುಷ್ಯ ಆಮೇಲೂ ಬಿಡಲಿಲ್ಲ. ಭಾವನಿಗೆ ಮೆಸೇಜ್ ಮೇಲೆ ಮೆಸೇಜ್. ಮೊದಲು ಸೀಟು ಮುಗಿಯುತ್ತಿವೆ ಅಂತ. ಆಮೇಲೆ ಮೂರು ಲಕ್ಷಕ್ಕೆ ಆಗುತ್ತದೆ ಅಂತ. ಕೊನೆಗೆ ಎರಡಕ್ಕೆ ಇಳಿಯಿತು, ಅದೂ ಕಂತಿನಲ್ಲಿ. ಭಾವ ಹಬ್ಬಕ್ಕೆ ಬಂದಾಗ ಫೋನ್ ಮಗನ ಕೈಗೆ ಕೊಟ್ಟು ನೀನೇ ಏನಾದ್ರು ಬರಿ ಅಂದರು. ಹುಡುಗ ಬರೆದ: "ಸರ್, ನಿಮ್ಮ ಫಿಫಾ ಲೈಸೆನ್ಸ್ ನಂಬರ್ ಕಳಿಸಿ. ಪಟ್ಟಿಯಲ್ಲಿ ನೋಡಿ ಹೇಳ್ತೀವಿ." ಎರಡು ನೀಲಿ ಗೆರೆ ಬಂತು. ಅದಾದ ಮೇಲೆ ಮೆಸೇಜ್ ನಿಂತಿದೆ.